ಹೋದದ್ದೇನು, ಉಳಿದದ್ದೇನು: ಧಾರವಾಡದಲ್ಲಿ ಕೂತು ನರಮನೋವಿಜ್ಞಾನ ಕಲಿಯುವ ದಾರಿ

ಬೆಟಗೇರಿಯ ನಮ್ಮ ಕಾಕಾ ಪಾರ್ಶ್ವವಾಯು ಆಗಿ ಆಸ್ಪತ್ರೆಯಿಂದ ಮನೆಗೆ ಬಂದ ಎರಡನೇ ದಿನ. ತಾಟಿನ ಬಲಗಡೆ ಇದ್ದ ರೊಟ್ಟಿ, ಕಾಳುಪಲ್ಯ ಉಂಡು ಕೈ ತೊಳೆದುಕೊಂಡರು. ಎಡಗಡೆ ನೀಡಿದ್ದ ಎಣ್ಣೆಗಾಯಿ ಹಾಗೇ ಇತ್ತು. ಎಣ್ಣೆಗಾಯಿ ಅಂದರೆ ಅವರಿಗೆ ಜೀವ. "ನೋಡು, ಇನ್ನೂ ಹಟ ಮಾಡ್ತಾರ" ಎಂದು ಕಾಕು ಕಣ್ಣೊರೆಸಿಕೊಂಡರು. ನಾನು ತಾಟನ್ನು ಅರ್ಧ ಸುತ್ತು ತಿರುಗಿಸಿಟ್ಟೆ. "ಎಣ್ಣೆಗಾಯಿ ಯಾವಾಗ ನೀಡಿದಿ?" ಎಂದು ಕಾಕುವನ್ನು ಕೇಳಿ, ಕಾಕಾ ಮತ್ತೆ ಉಣ್ಣಲು ಕೂತರು.

ಅವರ ಕಣ್ಣಿಗೆ ಏನೂ ಆಗಿರಲಿಲ್ಲ. ಮಿದುಳಿನ ಬಲ ಅರ್ಧಗೋಳದ ಹಿಂಭಾಗಕ್ಕೆ ರಕ್ತ ಹೋಗುವುದು ನಿಂತಿತ್ತು. ಜಗತ್ತಿನ ಎಡಬದಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಕೆಲಸ ಅಲ್ಲಿಯದು. ಇದಕ್ಕೆ ವೈದ್ಯರು 'ಅಲಕ್ಷ್ಯ' ಎಂದು ಹೆಸರಿಟ್ಟಿದ್ದಾರೆ. ಆ ಹೆಸರೇ ಸ್ವಲ್ಪ ಅನ್ಯಾಯದ್ದು, ಏಕೆಂದರೆ ಕಾಕಾ ಏನನ್ನೂ ಬೇಕೆಂದು ಅಲಕ್ಷ್ಯ ಮಾಡಿರಲಿಲ್ಲ.

ಕಾಲೇಜಿನಲ್ಲಿ ಮನೋವಿಜ್ಞಾನ ಹೇಳಿಕೊಡುವ ನನಗೆ ವರ್ಷಕ್ಕೆ ನಾಲ್ಕೈದು ವಿದ್ಯಾರ್ಥಿಗಳಾದರೂ ಬಂದು ಕೇಳುತ್ತಾರೆ: "ಮೇಡಂ, ನ್ಯೂರೋಸೈಕಾಲಜಿ ಕಲೀಬೇಕಂತ ಮನಸ್ಸೈತ್ರಿ, ಎಲ್ಲಿಂದ ಶುರು ಮಾಡ್ಲಿ?" ಮಿದುಳಿಗೆ ಪೆಟ್ಟಾದಾಗ ಮನಸ್ಸು, ನಡವಳಿಕೆ ಹೇಗೆ ಬದಲಾಗುತ್ತವೆ ಎಂದು ನೋಡುವ ವಿದ್ಯೆ ಅದು, ಕನ್ನಡದಲ್ಲಿ ನರಮನೋವಿಜ್ಞಾನ. ಹೆಚ್ಚಿನವರು ಆಗಲೇ ಮಿದುಳಿನ ಬಣ್ಣದ ಚಿತ್ರ ಬಾಯಿಪಾಠ ಮಾಡಲು ಹತ್ತಿರುತ್ತಾರೆ. ಅದು ಎರಡನೇ ಕೆಲಸ. ಮೊದಲನೆಯದು, ಮನುಷ್ಯನ ನಡವಳಿಕೆಯನ್ನು ಕಾರಣ ಹಚ್ಚದೆ ನೋಡಲು ಕಲಿಯುವುದು. 'ಹಟ', 'ಸೊಕ್ಕು', 'ಮೈಗಳ್ಳತನ' ಎಂಬ ಮಾತುಗಳು ಬಾಯಿಗೆ ಬಂದವೆಂದರೆ ನೋಡುವುದು ಅಲ್ಲಿಗೇ ನಿಂತಿತು ಎಂದರ್ಥ.

ಒಂದು ನೋಟ್‌ಬುಕ್ಕು, ಎರಡು ಕಾಲಮ್ಮು

ನೂರು ಪುಟದ ಒಂದು ನೋಟ್‌ಬುಕ್ಕು ತೆಗೆದುಕೊಳ್ಳಿ. ಪುಟದ ನಡುವೆ ಗೆರೆ ಎಳೆದು ಒಂದು ಕಡೆ 'ಹೋದದ್ದು', ಇನ್ನೊಂದು ಕಡೆ 'ಉಳಿದದ್ದು' ಎಂದು ಬರೆಯಿರಿ. ಮನೆಯಲ್ಲೋ ಓಣಿಯಲ್ಲೋ ಪಾರ್ಶ್ವವಾಯು ಆದವರು, ಮರೆವಿನ ಕಾಯಿಲೆಯವರು, ಅಪಘಾತದಲ್ಲಿ ತಲೆಗೆ ಪೆಟ್ಟಾದವರು ಒಬ್ಬರಾದರೂ ಇರುತ್ತಾರೆ. ಮನೆಯವರ ಒಪ್ಪಿಗೆ ಕೇಳಿ, ಅವರ ಜೊತೆ ಕೂತು, ಕಂಡದ್ದನ್ನಷ್ಟೇ ಬರೆಯಿರಿ. ಹೆಸರು ಬರೆಯಬೇಡಿ.

'ನೆನಪು ಹೋಗಿದೆ' ಎಂದು ಬರೆದರೆ ಏನೂ ಬರೆದಂತಾಗಲಿಲ್ಲ. ಯಾವ ನೆನಪು? ಮುಂಜಾನೆ ಬಂದವರು ಯಾರು ಎಂಬುದು ಹೋಗಿದೆಯೋ? ಮೂವತ್ತು ವರ್ಷದ ಹಿಂದಿನ ಮದುವೆ ಉಳಿದಿದೆಯೋ? ಕಚ್ಚೆ ಹಾಕುವುದು, ಜಡೆ ಹೆಣೆಯುವುದು ಕೈಗೆ ಉಳಿದಿದೆಯೋ? ಮಾತು ಹೋಗಿದೆ ಎಂದರೆ, ಆಡುವುದು ಹೋಗಿದೆಯೋ, ಬೇರೆಯವರು ಆಡಿದ್ದು ತಿಳಿಯುವುದು ಹೋಗಿದೆಯೋ? ಎರಡು ಶಬ್ದ ಕೂಡಿಸಲಾರದ ಅಜ್ಜ ಭಜನೆಯ ಸಾಲನ್ನು ರಾಗ ಸಮೇತ ಹಾಡಿಬಿಟ್ಟರೆ ಅದನ್ನು ಪವಾಡ ಎಂದು ಬರೆಯಬೇಡಿ, 'ಉಳಿದದ್ದು' ಕಾಲಮ್ಮಿನಲ್ಲಿ ಬರೆಯಿರಿ. ಎಡ ಅರ್ಧಗೋಳ ಕೆಟ್ಟು ಮಾತು ಹೋದವರಲ್ಲಿ ಹಾಡು ಉಳಿಯುವುದನ್ನು ಬಹಳ ಹಿಂದಿನಿಂದ ಗಮನಿಸಿದ್ದಾರೆ. ಅದನ್ನೇ ಏಣಿ ಮಾಡಿಕೊಂಡು ಮಾತು ಮರಳಿಸಲು ಯತ್ನಿಸುವ, ಸ್ವರ ಹಿಡಿದು ನುಡಿಸುವ ಚಿಕಿತ್ಸೆ 1970ರ ದಶಕದಿಂದ ಬಳಕೆಯಲ್ಲಿದೆ.

ಒಂದು ಚಹಾ ಕೆಡುವ ಐದು ಬಗೆ

ಇದು ನಾನು ಎಲ್ಲ ವಿದ್ಯಾರ್ಥಿಗಳಿಗೂ ಕೊಡುವ ಮೊದಲ ಅಭ್ಯಾಸ. ಒಬ್ಬರಿಗೆ ಚಹಾ ಮಾಡಲು ಬರುತ್ತಿಲ್ಲ ಎಂದುಕೊಳ್ಳಿ. ಎಲ್ಲಿ ಮುರಿಯಿತು?

ಒಬ್ಬರು ಸಕ್ಕರೆ ಹಾಕಿದ್ದು ಮರೆತು ಮೂರು ಸಲ ಹಾಕುತ್ತಾರೆ. ಇನ್ನೊಬ್ಬರಿಗೆ ಎಲ್ಲ ಗೊತ್ತು, ಕೇಳಿದರೆ ಕ್ರಮವಾಗಿ ಹೇಳುತ್ತಾರೆ, ಆದರೆ ಒಲೆಯ ಮುಂದೆ ನಿಂತೇ ಇರುತ್ತಾರೆ, ಕೈ ಏಳುವುದಿಲ್ಲ. ಮೂರನೆಯವರು ನೀರು ಕಾಯುವ ಮೊದಲೇ ಸೋಸಲು ಹೊರಡುತ್ತಾರೆ. ನಾಲ್ಕನೆಯವರಿಗೆ ಸೋಸಣಿಗೆ ಏನೆಂದು ಗೊತ್ತು, ಕೈಯಲ್ಲಿ ಬಲವೂ ಇದೆ, ಹಿಡಿಯುವ ರೀತಿಯೇ ಕೈಗೆ ಹೊಳೆಯುವುದಿಲ್ಲ. ಐದನೆಯವರಿಗೆ ಎಡಗಡೆಯ ಒಲೆಯೇ ಕಾಣದು, ನಮ್ಮ ಕಾಕಾನ ಹಾಗೆ.

ಮನೆಯವರು ಐದೂ ಜನರ ಬಗ್ಗೆ "ಚಹಾನೂ ಮಾಡಾಕ ಬರವಲ್ದು" ಎಂದು ಒಂದೇ ಮಾತು ಹೇಳುತ್ತಾರೆ. ಮೊದಲನೆಯದು ಹೊಸ ನೆನಪು ಕೂಡಿಡುವ ತೊಂದರೆ. ಎರಡನೆಯದೂ ಮೂರನೆಯದೂ ಹಣೆಯ ಹಿಂದಿನ ಭಾಗಕ್ಕೆ ಸೇರಿದ್ದು: ಒಂದು ಕೆಲಸ ಶುರು ಮಾಡುವ ಶಕ್ತಿ, ಇನ್ನೊಂದು ಅದನ್ನು ಸರಣಿಯಲ್ಲಿ ಹೂಡುವ ಶಕ್ತಿ. ನಾಲ್ಕನೆಯದು ಹೆಚ್ಚಾಗಿ ಎಡ ಅರ್ಧಗೋಳದ್ದು, ಐದನೆಯದು ಬಲದ್ದು. ರಷ್ಯಾದ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ (1902–1977) ಎರಡನೇ ಮಹಾಯುದ್ಧದಲ್ಲಿ ತಲೆಗೆ ಗುಂಡು ಬಿದ್ದ ಸೈನಿಕರೊಂದಿಗೆ ಕೆಲಸ ಮಾಡುತ್ತ ಇದನ್ನೇ ಒತ್ತಿ ಹೇಳಿದ. ಯಾವ ಕೆಲಸವೂ ಮಿದುಳಿನ ಒಂದೇ ಜಾಗದಲ್ಲಿ ಕೂತಿಲ್ಲ, ಹಲವು ಜಾಗಗಳು ಕೂಡಿ ಒಂದು ಕೆಲಸ ಆಗುತ್ತದೆ, ಯಾವ ಕೊಂಡಿ ಕಳಚಿದೆ ಎಂಬುದರ ಮೇಲೆ ಕೆಲಸ ಕೆಡುವ ರೀತಿ ಬದಲಾಗುತ್ತದೆ. ಹಣೆಯ ಹಿಂದೆ ಪೆಟ್ಟಾದ ಗಂಡನನ್ನು ಆಲಸಿ ಎಂದು ಬೈಯುತ್ತ ವರ್ಷ ಕಳೆದ ಹೆಣ್ಣುಮಗಳಿಗೆ ಇಷ್ಟು ತಿಳಿಸಿ ಹೇಳಿದರೆ ಆ ಮನೆಯ ಹವೆಯೇ ಬೇರೆಯಾಗುತ್ತದೆ. ಈ ವಿದ್ಯೆ ಕಲಿಯಬೇಕೆಂದು ನನಗೆ ಅನ್ನಿಸುವುದು ಅದಕ್ಕೇ.

ಈಗ ನಕ್ಷೆ

ಚಳಿಗಾಲದ ಹಳೆಯ ಮಂಕಿ ಕ್ಯಾಪು ಒಂದು ಹುಡುಕಿ. ಅದರ ಮೇಲೆ ಚಾಕ್‌ಪೀಸಿನಿಂದ ಮಿದುಳಿನ ಭಾಗಗಳನ್ನು ಬರೆದು ತಲೆಗೆ ಹಾಕಿಕೊಳ್ಳಿ. ಹಣೆಯ ಹಿಂದೆ ಯೋಜನೆ, ತಡೆ, ಆರಂಭ. ಕಿವಿಗಳ ಹತ್ತಿರ ಕೇಳುವುದು, ಇನ್ನೂ ಒಳಗೆ ಹೊಸ ನೆನಪು. ನೆತ್ತಿಯ ಹಿಂಭಾಗದಲ್ಲಿ ಸ್ಪರ್ಶ ಮತ್ತು ಜಾಗದ ಅರಿವು. ಹಿಂದಲೆಯಲ್ಲಿ ನೋಟ. ಪುಸ್ತಕದ ಚಿತ್ರ ಮರೆತುಹೋಗುತ್ತದೆ, ತಲೆಯ ಮೇಲೆ ಹೊತ್ತ ನಕ್ಷೆ ಮರೆಯುವುದಿಲ್ಲ.

ಇಲ್ಲಿ ಬಹಳ ಮಂದಿ ಎಡವುವ ಒಂದು ಜಾಗವಿದೆ. ಬಲಗೈಯನ್ನು ಎಡ ಮಿದುಳು ನಡೆಸುತ್ತದೆ ಎಂದು ಓದಿದ ಕೂಡಲೇ ಎಡಗಣ್ಣು ಬಲ ಮಿದುಳಿಗೆ ಎಂದು ಬರೆದುಬಿಡುತ್ತಾರೆ. ಹಾಗಲ್ಲ. ನಿಮ್ಮ ನೋಟದ ಎಡ ಅರ್ಧ, ಅದನ್ನು ಎರಡೂ ಕಣ್ಣು ನೋಡುತ್ತಿರುತ್ತವೆ, ಆ ಅರ್ಧ ಬಲ ಮಿದುಳಿಗೆ ಹೋಗುತ್ತದೆ. ಒಂದು ಕಣ್ಣು ಮುಚ್ಚಿದರೂ ಎಡ ಅರ್ಧ, ಬಲ ಅರ್ಧ ಎಂಬ ಪಾಲು ಹಾಗೇ ಇರುತ್ತದೆ. ಮುಚ್ಚಿ ನೋಡಿ.

ಭಾಗಗಳ ಹೆಸರಿಗಿಂತ ಮೊದಲು ರಕ್ತನಾಳಗಳನ್ನು ಕಲಿಯಿರಿ ಎಂಬುದು ನನ್ನ ಸಲಹೆ. ನವಲಗುಂದ, ನರಗುಂದದ ಕಡೆಯವರಿಗೆ ಇದು ಬೇಗ ಹತ್ತುತ್ತದೆ. ಮಲಪ್ರಭಾ ಕಾಲುವೆಯ ಒಂದು ಕವಲಿನ ಬಾಯಿ ಹೂಳು ತುಂಬಿ ಕಟ್ಟಿದರೆ ಒಣಗುವುದು ಆ ಕವಲಿನ ಕೆಳಗಿನ ಹೊಲಗಳಷ್ಟೇ. ಅವು ಯಾರ ಹೊಲ, ಯಾವ ಬೆಳೆ ಎಂದು ಕಾಲುವೆ ಕೇಳುವುದಿಲ್ಲ. ಹಾಗೆಯೇ ಮಿದುಳಿನ ಮಧ್ಯದ ದೊಡ್ಡ ರಕ್ತನಾಳ ಎಡಗಡೆ ಕಟ್ಟಿದರೆ ಬಲ ಮುಖ, ಬಲಗೈ, ಹೆಚ್ಚಿನವರಲ್ಲಿ ಮಾತು, ಮೂರೂ ಒಟ್ಟಿಗೆ ಹೋಗುತ್ತವೆ. ಮುಂದಿನ ನಾಳ ಕಟ್ಟಿದರೆ ಕೈಗಿಂತ ಕಾಲು ಹೆಚ್ಚು ಸೋಲುತ್ತದೆ. ಹಿಂದಿನದು ಕಟ್ಟಿದರೆ ನೋಟದ ಅರ್ಧ ಹೋಗುತ್ತದೆ.

ಈ ಮಾತು ಬಂದಲ್ಲಿ ಒಂದನ್ನು ಹೇಳದೆ ಮುಂದೆ ಹೋಗಲಾರೆ. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಜೋತುಬಿದ್ದರೆ, ಮಾತು ತೊದಲಿದರೆ, ಎಣ್ಣೆ ತಿಕ್ಕುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ದೊಡ್ಡ ಆಸ್ಪತ್ರೆಗೆ ನೇರ ಹೋಗಿ. ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಕೊಡಬೇಕು. ಆ ತಾಸುಗಳನ್ನು ಎಣಿಸುವುದು ನೀವು ಗಮನಿಸಿದ ಹೊತ್ತಿನಿಂದಲ್ಲ, ಅವರು ಕೊನೆಯ ಸಲ ಸರಿಯಾಗಿ ಇದ್ದ ಹೊತ್ತಿನಿಂದ. ಆ ಹೊತ್ತನ್ನು ಕೈಮೇಲಾದರೂ ಬರೆದುಕೊಳ್ಳಿ. ನಮ್ಮ ಕಾಕಾನ ವಿಷಯದಲ್ಲಿ ಅದನ್ನು ಯಾರೂ ನೋಡಿಟ್ಟಿರಲಿಲ್ಲ.

ಹಳೆಯ ಮೂವರು

ಎಲ್ಲ ಪಠ್ಯಗಳಲ್ಲೂ ಮೂವರು ಬರುತ್ತಾರೆ. ಅವರನ್ನು ನಿಧಾನ ಓದಿ, ಪಠ್ಯದ ಎರಡು ಸಾಲಿಗೆ ತೃಪ್ತಿಪಡಬೇಡಿ.

ಫಿನಿಯಾಸ್ ಗೇಜ್, ಅಮೆರಿಕದ ರೈಲುಮಾರ್ಗದ ಮೇಸ್ತ್ರಿ. 1848ರ ಸೆಪ್ಟೆಂಬರ್ 13ರಂದು ಸುಮಾರು ಆರು ಕಿಲೋದ ಕಬ್ಬಿಣದ ಸಲಾಕೆ ಎಡಗೆನ್ನೆಯಲ್ಲಿ ಹೊಕ್ಕು ನೆತ್ತಿಯಲ್ಲಿ ಹೊರಬಿತ್ತು. ಬದುಕಿದ, ಆದರೆ ಸ್ವಭಾವ ಕೆಟ್ಟಿತು ಎಂದು ಪಠ್ಯ ಮುಗಿಸುತ್ತದೆ. ಮುಂದೆ ಆತ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಹಲವು ಕುದುರೆಗಳ ಸಾರೋಟು ಹೊಡೆದ. ಹೊತ್ತಿಗೆ ಸರಿಯಾಗಿ ಹೊರಡಬೇಕು, ಪ್ರಯಾಣಿಕರನ್ನು ಸಂಭಾಳಿಸಬೇಕು, ಕುದುರೆಗಳನ್ನು ಹತೋಟಿಯಲ್ಲಿ ಇಡಬೇಕು. ಅಂಥವನ 'ಉಳಿದದ್ದು' ಕಾಲಮ್ಮನ್ನು ಖಾಲಿ ಬಿಟ್ಟು ಬರೆದ ಪಠ್ಯವನ್ನು ನಾನು ನಂಬುವುದಿಲ್ಲ.

ಎರಡನೆಯವನು ಲೆಬೋರ್ನ್. ಪ್ಯಾರಿಸ್ಸಿನ ಆಸ್ಪತ್ರೆಯಲ್ಲಿ 21 ವರ್ಷ 'ಟಾನ್' ಎಂಬ ಉಲಿಯೊಂದನ್ನೇ ಆಡುತ್ತ ಇದ್ದ, ಬೇರೆಯವರು ಅನ್ನುವುದು ಮಾತ್ರ ಅವನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. 1861ರಲ್ಲಿ ತೀರಿಕೊಂಡಾಗ ವೈದ್ಯ ಪಾಲ್ ಬ್ರೋಕಾ ಅವನ ಮಿದುಳನ್ನು ಪರೀಕ್ಷಿಸಿ ಎಡ ಮುಂಭಾಗದಲ್ಲಿ ಗಾಯ ಕಂಡ. ಆ ಮಿದುಳನ್ನು ಕತ್ತರಿಸದೆ ಹಾಗೇ ಕಾದಿಟ್ಟರು. ಹಾಗೆಂದೇ 2007ರಲ್ಲಿ ಎಂ.ಆರ್.ಐ. ಮಾಡಿ ನೋಡಲು ಬಂತು: ಗಾಯ ಬ್ರೋಕಾ ಕಂಡದ್ದಕ್ಕಿಂತ ಬಹಳ ಆಳಕ್ಕೆ ಇಳಿದಿತ್ತು. ಮಾತಿಗೆ ಒಂದೇ ಜಾಗ ಎಂಬ ಪಾಠವನ್ನು ಅದು ಸಡಿಲ ಮಾಡಿತು.

ಮೂರನೆಯವನು ಹೆನ್ರಿ ಮೊಲೈಸನ್. 1953ರಲ್ಲಿ, 27ನೇ ವಯಸ್ಸಿಗೆ, ಮೂರ್ಛೆರೋಗ ನಿಲ್ಲಲೆಂದು ಎರಡೂ ಕಡೆ ಕಿವಿಯ ಒಳಭಾಗದ ಮಿದುಳನ್ನು ತೆಗೆದರು. ಅಂದಿನಿಂದ 2008ರಲ್ಲಿ ಸಾಯುವವರೆಗೂ ಹೊಸ ನೆನಪು ನಿಲ್ಲಲಿಲ್ಲ. ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟಳು. ಮೂರನೇ ದಿನಕ್ಕೆ ಅವನ ಕೈ ಚೆನ್ನಾಗಿ ಪಳಗಿತ್ತು. ಹಿಂದೆ ಮಾಡಿದ್ದೇ ನೆನಪಿಲ್ಲ ಎನ್ನುತ್ತಿದ್ದ. ಇದನ್ನು ಓದಿ ಬಿಡಬೇಡಿ, ಮನೆಯಲ್ಲಿ ಮಾಡಿ. ಜೋಡಿಗೆರೆಯ ನಕ್ಷತ್ರ ಬರೆದು, ಎದುರಿಗೆ ಕನ್ನಡಿ ನಿಲ್ಲಿಸಿ, ಕೈ ನೇರವಾಗಿ ಕಾಣದಂತೆ ರಟ್ಟು ಅಡ್ಡ ಹಿಡಿದು, ಎರಡು ಗೆರೆಗಳ ನಡುವೆ ಪೆನ್ಸಿಲ್ ನಡೆಸಿ. ದಿನಕ್ಕೆ ಹತ್ತು ಸಲ, ಮೂರು ದಿನ. ನಿಮಗೆ ಗೊತ್ತಿಲ್ಲದೆ ನಿಮ್ಮ ಕೈ ಕಲಿಯುವುದನ್ನು ನೀವೇ ಕಾಣುತ್ತೀರಿ.

ಟ್ಯೂಬ್‌ಲೈಟೂ ಬಲ್ಬೂ

ಈ ವಿಷಯದ ತರ್ಕ ಇಡೀ ಒಂದು ಗಂಟಿನಲ್ಲಿದೆ, ಅದನ್ನು ಬಿಡಿಸಿಕೊಳ್ಳಿ. ವೋಲ್ಟೇಜು ಇಳಿದಾಗ ಹಳೆಯ ಟ್ಯೂಬ್‌ಲೈಟು ಹತ್ತುವುದಿಲ್ಲ, ಬಲ್ಬು ಮಂಕಾಗಿ ಉರಿಯುತ್ತದೆ. ಅಷ್ಟನ್ನು ನೋಡಿ ಎರಡಕ್ಕೂ ಬೇರೆ ಬೇರೆ ತಂತಿ ಇದೆ ಎನ್ನಬಹುದೇ? ಇಲ್ಲ, ಟ್ಯೂಬಿಗೆ ಹೆಚ್ಚು ಬೇಕು ಅಷ್ಟೇ. ಪಕ್ಕದ ಮನೆಯಲ್ಲಿ ಬಲ್ಬು ಆರಿ ಟ್ಯೂಬು ಉರಿಯುತ್ತಿದ್ದರೆ ಆಗ ಹೇಳಬಹುದು, ದಾರಿ ಎರಡು. ಒಬ್ಬ ರೋಗಿಯಲ್ಲಿ ಹೊಸ ನೆನಪು ಹೋಗಿ ಕೈಕಲಿಕೆ ಉಳಿದರೆ ಅರ್ಧ ಸಾಕ್ಷಿ. ಇನ್ನೊಬ್ಬರಲ್ಲಿ ಕೈಕಲಿಕೆ ಹೋಗಿ ಹೊಸ ನೆನಪು ಉಳಿದದ್ದು ಕಂಡಾಗ ಸಾಕ್ಷಿ ಪೂರ್ಣ. ಮುಂದೆ ಯಾವ ಸಂಶೋಧನಾ ಲೇಖನ ಓದಿದರೂ ಕೇಳಿ: ಪಕ್ಕದ ಮನೆಯನ್ನು ನೋಡಿದ್ದಾರೆಯೇ?

ಪರೀಕ್ಷೆಗಳು, ಮತ್ತು ನಮ್ಮ ಕನ್ನಡ

ನಿಮ್ಮ ಮೇಲೂ ಗೆಳೆಯರ ಮೇಲೂ ಕೆಲವನ್ನು ಮಾಡಿ ನೋಡಬಹುದು. ಅಡ್ಡಗೆರೆಯ ನಡುಬಿಂದು ಗುರುತಿಸುವುದು, ಗಡಿಯಾರ ಬರೆಯುವುದು, ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು. 'ಕೆಂಪು' ಎಂಬ ಶಬ್ದವನ್ನು ಹಸಿರು ಶಾಯಿಯಲ್ಲಿ ಬರೆದು ಶಾಯಿಯ ಬಣ್ಣ ಹೇಳುವುದು. ಈ ಕೊನೆಯದು ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ್ದು, ಕನ್ನಡದಲ್ಲೂ ಅಷ್ಟೇ ಕಾಡುತ್ತದೆ. ಇವುಗಳಿಂದ ಯಾರಿಗೂ ರೋಗದ ಹೆಸರು ಹಚ್ಚಬೇಡಿ. ಆಸ್ಪತ್ರೆಯಲ್ಲಿ ಬಳಸುವ ಪರೀಕ್ಷೆಗಳ ಹಾಳೆ ಕೈಗೆ ಸಿಕ್ಕರೆ ಫೋಟೊ ತೆಗೆದು ಹಂಚಬೇಡಿ. ಉತ್ತರ ಬೀದಿಗೆ ಬಂದ ಪರೀಕ್ಷೆ ನಾಳೆ ನಿಜವಾದ ರೋಗಿಗೆ ಕೆಲಸಕ್ಕೆ ಬರುವುದಿಲ್ಲ.

ಹುಬ್ಬಳ್ಳಿಯ ಜನತಾ ಬಜಾರಿನಲ್ಲಿ ನನಗೆ ಕಾಯಿಪಲ್ಲೆ ಕೊಡುವ ಅಮ್ಮನಿಗೆ ಅಕ್ಷರ ಬಾರದು. ಇವತ್ತು ತಾರೀಖು ಎಷ್ಟೆಂದು ಕೇಳಿದರೆ ಸುಮ್ಮನಿರುತ್ತಾಳೆ. "ಅಮಾಸಿ ಆಗಿ ಮೂರನೇ ದಿನ ಐತಿ" ಎಂದು ತಡವಿಲ್ಲದೆ ಹೇಳುತ್ತಾಳೆ. ನೂರರಿಂದ ಏಳೇಳು ಕಳೆಯುತ್ತ ಹೋಗು ಅಂದರೆ ನಗುತ್ತಾಳೆ, ಐದು ಬಗೆಯ ಸೊಪ್ಪಿನ ಲೆಕ್ಕ ಕೂಡಿಸಿ ಚಿಲ್ಲರೆ ಕೊಡುವುದರಲ್ಲಿ ಒಂದು ರೂಪಾಯಿ ತಪ್ಪುವುದಿಲ್ಲ. ಪೆನ್ನು ಹಿಡಿಯದ ಕೈಗೆ ಗಡಿಯಾರ ಬರೆ ಎಂದರೆ ಬರುವುದು ಸೊಟ್ಟ ಗೆರೆಯೇ. ಆಕೆಯ ಮಿದುಳಿನಲ್ಲಿ ದೋಷವಿಲ್ಲ, ದೋಷ ಪ್ರಶ್ನೆಯಲ್ಲಿದೆ. ಆದ್ದರಿಂದ ಅಂಕವನ್ನು ಯಾವಾಗಲೂ ಅದೇ ವಯಸ್ಸಿನ, ಅಷ್ಟೇ ಶಾಲೆ ಓದಿದ ಜನರ ಅಂಕದ ಪಕ್ಕ ಇಟ್ಟು ನೋಡಬೇಕು. ಸರಾಸರಿ ಎಷ್ಟು, ಸರಾಸರಿಯ ಸುತ್ತ ಜನ ಎಷ್ಟು ಹರಡಿದ್ದಾರೆ ಎಂಬ ಲೆಕ್ಕ ಬಾರದವರು ಈ ಕೆಲಸ ಮಾಡಬಾರದು. ಸಂಖ್ಯಾಶಾಸ್ತ್ರಕ್ಕೆ ಹೆದರಿ ಮನೋವಿಜ್ಞಾನ ಆರಿಸಿಕೊಂಡಿದ್ದರೆ ಈಗಲೇ ಆ ಹೆದರಿಕೆ ಬಿಡಿ.

ಭಾಷೆಯದು ಇನ್ನೊಂದು ಕಥೆ. ಒಂದು ನಿಮಿಷದಲ್ಲಿ 'ಕ'ದಿಂದ ಶುರುವಾಗುವ ಶಬ್ದ ಹೇಳಿ ಎಂದಾಗ 'ಕಿವಿ', 'ಕೋಳಿ' ಲೆಕ್ಕಕ್ಕೆ ಸೇರುತ್ತವೆಯೇ? ನಮ್ಮ ಕಾಗುಣಿತದಲ್ಲಿ ಅದು ಕೂಡಲೇ ಹೇಳಿಬಿಡುವ ಮಾತಲ್ಲ. ಮೊದಲೇ ತೀರ್ಮಾನಿಸಿಕೊಂಡು ಎಲ್ಲರಿಗೂ ಒಂದೇ ಸೂಚನೆ ಕೊಡಬೇಕು. ಶೇಂಗಾದ ಚಿತ್ರ ತೋರಿಸಿದಾಗ ಉತ್ತರದ ಹಾಳೆಯಲ್ಲಿ 'ಕಡಲೆಕಾಯಿ' ಎಂದಷ್ಟೇ ಇದ್ದರೆ ಹಾವೇರಿಯ ಅಜ್ಜನ ಅಂಕ ಕಡಿಯುತ್ತೀರಾ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐ.ಸಿ.ಎಂ.ಆರ್., ಐದು ಭಾರತೀಯ ಭಾಷೆಗಳಲ್ಲಿ ಸಿದ್ಧಪಡಿಸಿದ ಪರೀಕ್ಷಾ ಸರಣಿಯಲ್ಲಿ ಕನ್ನಡವೂ ಇದೆ, ನಿಮ್ಹಾನ್ಸ್‌ನವರು ನಮ್ಮ ಜನರ ಅಳತೆ ತೆಗೆದು ರೂಪಿಸಿದ ಸರಣಿಯೂ ಇದೆ. ಆದರೂ ನಮ್ಮ ಕಡೆಯ ಮಾತು ಬಲ್ಲ ಪರೀಕ್ಷಕರು ಇನ್ನೂ ಬೇಕು. ನೀವು ಬೇಕು.

ಇಲ್ಲಿಯ ಊರುಗಳಲ್ಲಿ ಅಧ್ಯಯನಕ್ಕೆ ಸಿಗುವ ಸಂಗತಿಗಳು ಸಣ್ಣವಲ್ಲ. ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಮನೆಮಾತು ಮರಾಠಿ ಅಥವಾ ಕೊಂಕಣಿ, ಪೇಟೆಯಲ್ಲಿ ಕನ್ನಡ, ಓಣಿಯಲ್ಲಿ ಉರ್ದು. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮರೆವಿನ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಶಾಲೆಗೆ ಹೋಗದವರಲ್ಲೂ. ತಡವಾಯಿತು ಎಂದರೆ ತಪ್ಪಿತು ಎಂದಲ್ಲ. ಬೇರೆಡೆಯ ಅಧ್ಯಯನಗಳೆಲ್ಲ ಇದನ್ನು ಒಪ್ಪಿಯೂ ಇಲ್ಲ. ಹಾಗಾಗಿಯೇ ಇಲ್ಲಿ ನೋಡುವುದು ಬಾಕಿ ಇದೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ತಲೆಮಾರುಗಳಿಂದ ಸಂಗೀತ ಕಲಿಯುತ್ತ ಬಂದಿದ್ದಾರೆ. ಪಂಚಾಕ್ಷರಿ ಗವಾಯಿಗಳಿಗೂ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಚಿಕ್ಕಂದಿನಲ್ಲೇ ಕಣ್ಣು ಹೋದವರು ಬ್ರೈಲ್ ಓದುವಾಗ ಹಿಂದಲೆಯ ನೋಟದ ಪ್ರದೇಶ ಕೆಲಸ ಮಾಡುವುದನ್ನು 1996ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿದರು. ಹಾಗಾದರೆ ಹುಟ್ಟುಗುರುಡ ಹುಡುಗನಿಗೂ ಮೂವತ್ತಕ್ಕೆ ಕಣ್ಣು ಹೋದವನಿಗೂ ಸ್ವರ ಹಿಡಿಯುವುದರಲ್ಲಿ ಅಂತರವಿದೆಯೇ? ದಿನಕ್ಕೆ ಆರು ತಾಸಿನ ರಿಯಾಜಿನ ಪಾಲೆಷ್ಟು, ಮಿದುಳಿನ ಮರುಹಂಚಿಕೆಯ ಪಾಲೆಷ್ಟು? ಎಂ.ಎ. ಪ್ರಬಂಧಕ್ಕೆ ವಿಷಯ ಹುಡುಕುವವರು ದೂರ ಹೋಗಬೇಕಿಲ್ಲ.

ಪದವಿಯ ದಾರಿ

ಇದನ್ನು ಬೇಗ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ಬಿ.ಎ.ಯಲ್ಲೇ ಮನೋವಿಜ್ಞಾನ ಓದಬಹುದು, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವಿಭಾಗವಿದೆ. ಅಲ್ಲಿಗೆ ನೀವು ಮನೋವಿಜ್ಞಾನ ಓದಿದವರು ಅಷ್ಟೇ. ರೋಗಿಗಳನ್ನು ಪರೀಕ್ಷಿಸಿ ವರದಿ ಬರೆಯಲು ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್.ಸಿ.ಐ., ಒಪ್ಪಿದ ಚಿಕಿತ್ಸಾ ಮನೋವಿಜ್ಞಾನದ ತರಬೇತಿ ಮತ್ತು ನೋಂದಣಿ ಬೇಕು. ಬಹುಕಾಲ ಅದು ಎರಡು ವರ್ಷದ ಎಂ.ಫಿಲ್. ಆಗಿತ್ತು. 2022ರಲ್ಲಿ ಯು.ಜಿ.ಸಿ. ಎಂ.ಫಿಲ್. ಪದವಿಯನ್ನೇ ನಿಲ್ಲಿಸಿ, ಆಮೇಲೆ ಈ ವಿಷಯಕ್ಕೆ ಕೆಲವು ವರ್ಷಗಳ ವಿನಾಯಿತಿ ಕೊಟ್ಟಿತು. ನಿಯಮ ಬದಲಾಗುತ್ತಿರುವ ಕಾಲ ಇದು. ಫೀ ಕಟ್ಟುವ ಮೊದಲು ಆ ಸಂಸ್ಥೆ, ಆ ಕೋರ್ಸು, ಆ ವರ್ಷ, ಮೂರೂ ಆರ್.ಸಿ.ಐ. ಪಟ್ಟಿಯಲ್ಲಿ ಇವೆಯೇ ಎಂದು ನೀವೇ ನೋಡಿ. ನನ್ನ ವಿದ್ಯಾರ್ಥಿನಿಯೊಬ್ಬಳು ಆನ್‌ಲೈನಿನಲ್ಲಿ ಆರು ತಿಂಗಳ ಸರ್ಟಿಫಿಕೇಟಿಗೆ ಅಪ್ಪನ ಹತ್ತಿಯ ದುಡ್ಡು ಕಟ್ಟಿ, ಕೊನೆಗೆ ಅದರಿಂದ ಎಲ್ಲೂ ಕೆಲಸ ಸಿಗದು ಎಂದು ಗೊತ್ತಾಗಿ ನನ್ನ ಮುಂದೆ ಕೂತು ಅತ್ತಳು.

ಮಾತಿನ ತೊಂದರೆಗಳ ಕಡೆ ಒಲವಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯನ್ನು ನೋಡಿ. ಧಾರವಾಡದಲ್ಲಿಯೇ ಬೆಳಗಾವಿ ರಸ್ತೆಯಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯದ ಆಸ್ಪತ್ರೆ ಇದೆ. ಅದನ್ನು ಇನ್ನೂ ಹಳೆಯ ಕೆಟ್ಟ ಹೆಸರಿನಿಂದ ಕರೆಯುವವರು ನಿಮ್ಮ ಮನೆಯಲ್ಲಿದ್ದರೆ ತಿದ್ದುವುದನ್ನು ಇವತ್ತೇ ಶುರು ಮಾಡಿ. ಬೆಂಗಳೂರಿಗೆ ಹೋದಾಗ ನಿಮ್ಹಾನ್ಸ್‌ನ ಮಿದುಳಿನ ವಸ್ತುಸಂಗ್ರಹಾಲಯ ತಪ್ಪಿಸಬೇಡಿ, ಯಾವ ದಿನ ತೆರೆದಿರುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಅಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿಯಲು ಕೊಡುತ್ತಾರೆ. ಒಂದೂಕಾಲು ಕಿಲೋದ ಮೇಲಿನ ಆ ಭಾರ ಕೈಗೆ ಬಂದಾಗ ನನ್ನ ವಿದ್ಯಾರ್ಥಿಗಳಲ್ಲಿ ಮಾತಾಡಿದವರನ್ನು ನಾನು ಕಂಡಿಲ್ಲ.

ನೋಟ್‌ಬುಕ್ಕಿಗೆ ಮರಳಿ

ಎರಡು ಕಾಲಮ್ಮುಗಳ ಪಕ್ಕ ಮೂರನೆಯದೊಂದನ್ನು ಒಂದು ತಿಂಗಳ ನಂತರ ಸೇರಿಸಿ: 'ಬದಲಾದದ್ದು'. ಇದರಲ್ಲಿ ಎರಡನ್ನು ಬೆರೆಸಬೇಡಿ. ಕಳೆದುಕೊಂಡ ಶಕ್ತಿ ಮರಳುವುದು ಒಂದು. ಅದು ಮರಳದಿದ್ದರೂ ಬೇರೆ ದಾರಿಯಲ್ಲಿ ಕೆಲಸ ಸಾಗಿಸಲು ಕಲಿಯುವುದು ಇನ್ನೊಂದು. ಕಾಕಾನ ತಾಟಿನ ಎಡ ಅಂಚಿಗೆ ನಾವು ಕೆಂಪು ಟೇಪು ಅಂಟಿಸಿದೆವು. ಪ್ರತಿ ಊಟಕ್ಕೆ ಮೊದಲು "ಕೆಂಪು ಎಲ್ಲಿ ಐತ್ರಿ?" ಎಂದು ಕಾಕು ಕೇಳುತ್ತಿದ್ದರು, ಅವರು ಹುಡುಕಿ ಬೆರಳಿಟ್ಟ ಮೇಲೆಯೇ ರೊಟ್ಟಿ. ವಾರಕ್ಕೊಮ್ಮೆ ನಾನು ಅಡ್ಡಗೆರೆಯ ಹಾಳೆ ಕೊಟ್ಟು ನಡುಬಿಂದು ಕೇಳುತ್ತಿದ್ದೆ. ಎಡಬದಿ ಲೆಕ್ಕಕ್ಕೆ ಬಾರದವರು ಅದನ್ನು ಬಲಕ್ಕೆ ಸರಿಸಿ ಗುರುತಿಸುತ್ತಾರೆ.

ಮೂರನೇ ತಿಂಗಳ ಒಂದು ಪುಟದಲ್ಲಿ ಒಂದೇ ತಾರೀಖಿನ ಕೆಳಗೆ ಎರಡು ಸಾಲು ಬರೆದಿದ್ದೇನೆ. 'ಕೆಂಪು ಹುಡುಕಿ ತಾಟು ತಾವೇ ತಿರುಗಿಸಿಕೊಂಡರು, ಯಾರೂ ಹೇಳಲಿಲ್ಲ.' ಅದರ ಕೆಳಗೆ: 'ಗೆರೆಯ ನಡು ಇನ್ನೂ ಬಲಕ್ಕೇ ಇದೆ.'